ಮಿರೆಲಾಳ ಊರು ಅಳುವಷ್ಟು ಹೊತ್ತು

ಲೈನು ತುಂಬಿದಾಗ ನಮ್ಮ ಊರಿನಲ್ಲಿ ಯಾರ ಬಾಯಿಂದಲೂ ದನಿ ಹೊರಡುವುದಿಲ್ಲ. ನಾಯಿ ಬೊಗಳುತ್ತದೆ, ಕಾಗೆ ಕೂಗುತ್ತದೆ, ಹಿಟ್ಟಿನ ಗಿರಣಿಯ ಪಟ್ಟಿ ಪಟಪಟನೆ ಬಡಿಯುತ್ತದೆ. ಮನುಷ್ಯರ ಗಂಟಲು ಮಾತ್ರ ಸುಮ್ಮನಾಗುತ್ತದೆ. ಹುಟ್ಟಿದಾಗಿನಿಂದ ಕಂಡದ್ದರಿಂದ ನಮಗೆ ಅದರಲ್ಲಿ ಸೋಜಿಗವೇನೂ ಇಲ್ಲ. ಹಸುಗೂಸು ಅತ್ತರೆ ಕೇಳಿಸುವುದಿಲ್ಲವೆಂದು ತಾಯಂದಿರು ಅದರ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಎಲ್ಲರ ಕೊರಳಿನಲ್ಲೂ ಅಂಗೈಯಗಲದ ಪಾಟಿ, ಅದಕ್ಕೊಂದು ಬಳಪ. ಗಂಡಹೆಂಡಿರು ಜಗಳವಾಡುವುದೂ ಪಾಟಿಯ ಮೇಲೆಯೇ. ಬೈಗಳನ್ನು ಬರೆದು ಎದುರಿನವರು ಓದಿ ಮುಗಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಲೈನು ಖಾಲಿಯಾದ ಕೂಡಲೇ ದನಿ ಬರುತ್ತದೆ. ಆಗ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಲೈನು ನಮ್ಮದಲ್ಲ. ಎಷ್ಟೋ ದೇಶಗಳ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು ಸೇರಿ ಕಟ್ಟಿಕೊಂಡ ಸಂಘದ್ದು. ಒಂದು ಕಡೆಯ ಆಸ್ಪತ್ರೆಯ ಚಿತ್ರಗಳು, ಇನ್ನೊಂದು ಕಡೆಯ ಮೋಡದ ಲೆಕ್ಕ, ಬೀಜದ ಪರೀಕ್ಷೆ, ನಕ್ಷತ್ರದ ಅಳತೆ ಎಲ್ಲ ಗಾಜಿನ ಎಳೆಯೊಳಗೆ ಬೆಳಕಾಗಿ ಊರಿನಿಂದ ಊರಿಗೆ ಹರಿಯುತ್ತವೆ. ಸಂಘದ ಮಾತು ಸರಳವಾದದ್ದು: ನಿನ್ನ ಅಂಗಳದಲ್ಲಿ ನಮ್ಮ ಗಾಡಿ ಹಾಯಲಿ, ನಮ್ಮ ಅಂಗಳದಲ್ಲಿ ನಿನ್ನ ಗಾಡಿ. ಅದರಿಂದಾಗಿ ನಮ್ಮಂಥ ಸಣ್ಣ ಊರಿಗೂ ಒಂದು ಕಾಲೇಜು ಬಂದಿದೆ. ನಮ್ಮ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇಯನ್ನು ಕಡಲಾಚೆಯ ದೊಡ್ಡ ಡಾಕ್ಟರರು ಅಲ್ಲೇ ಕೂತು ನೋಡಿ ಔಷಧ ಹೇಳುತ್ತಾರೆ. ನನ್ನ ತಾಯಿಯ ಪಿತ್ತಕೋಶದ ಕಲ್ಲು ಸಿಕ್ಕದ್ದು ಹಾಗೆಯೇ. ಆದ್ದರಿಂದ ಬಾಯಿ ಕಟ್ಟಿದ್ದಕ್ಕೆ ಊರಿನವರು ಗೊಣಗುತ್ತಾರೆಯೇ ಹೊರತು, ಲೈನು ಕಿತ್ತುಕೊಂಡು ಹೋಗಿ ಎಂದು ಯಾರೂ ಹೇಳಿದವರಲ್ಲ.

ಸಂಘದಲ್ಲಿ ಊರುಗಳಿಗೆ ಜೋಡಿ ಇರುತ್ತದೆ, ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ನಮ್ಮ ಜೋಡಿ ಕಡಲಾಚೆಯ ಒಂದು ಬಂದರಿನ ಊರು. ಹೊರೆ ಬಂದರೆ ಒಂದೋ ನಾವು ಹೊರಬೇಕು, ಇಲ್ಲವೇ ಅವರು. ನಾವು ಹೊತ್ತಾಗ ನಮ್ಮ ದನಿ ಹೋಗುತ್ತದೆ, ಅವರು ಹೊತ್ತಾಗ ಅವರದು. ಪಾಳಿಯ ಪ್ರಕಾರ ಹೊರೆ ಅತ್ತಿತ್ತ ಹೋಗುತ್ತದೆ. ಊರ ಹೊರಗಿನ ದಿಬ್ಬದ ಮೇಲೆ ನಮ್ಮ ಲೈನ್‌ಮನೆ. ಅದರ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಇತ್ತು. ಹಿಡಿಕೆ ಮೇಲಿದ್ದರೆ ಹೊರೆ ನಮ್ಮದು, ಕೆಳಗೆ ಎಳೆದರೆ ಅವರದು. ಎಳೆಯುವ ಮೊದಲು ಯಂತ್ರದ ಮೇಲೆ 'ಕೊಡಲೇ?' ಎಂದು ಟೈಪ್ ಮಾಡಿ ಕೇಳಬೇಕು. ಅವರು ತಮ್ಮ ಊರಿನಲ್ಲಿ ಸೈರನ್ ಊದಿ, ಜನ ಆಡುತ್ತಿದ್ದ ಮಾತು ಮುಗಿಸುವವರೆಗೆ ಕಾದು, 'ಕೊಡು' ಎಂದು ಬರೆದ ಮೇಲೆಯೇ ಕೈ ಹಾಕಬೇಕು. ಅವರ ಪಾಳಿ ಮುಗಿದಾಗ ಅವರೂ ಹಾಗೆಯೇ ಕೇಳುತ್ತಾರೆ. ನಾವು ನಮ್ಮ ಭೋಂಗಾ ಊದಿ ಜನರಿಗೆ ಎಚ್ಚರ ಕೊಟ್ಟು 'ಕೊಡು' ಎನ್ನುತ್ತೇವೆ.

ಲೈನ್‌ಮನೆಯ ಮುಖ್ಯಸ್ಥೆ ನೀಲಗಂಗಾ. ನಾನು ಅವರ ಕೈಕೆಳಗೆ ಕೆಲಸ ಮಾಡುವವಳು, ಸಾವಂತ್ರಿ. ನಾವೆಲ್ಲ ಅವರನ್ನು ನೀಲಕ್ಕ ಎನ್ನುತ್ತಿದ್ದೆವು. ಐವತ್ತು ದಾಟಿದ, ಎತ್ತರದ, ಬಿಗಿ ಮುಖದ ಹೆಂಗಸು. ಮದುವೆಯಾಗಲಿಲ್ಲ. ತಾಯಿ ಸತ್ತಾಗ ತಮ್ಮ ಅಡಿವೆಪ್ಪ ಇನ್ನೂ ಚಿಕ್ಕವನು, ದಡಾರ ಬಂದು ಎರಡೂ ಕಣ್ಣು ಹೋದವನು. ಅವನನ್ನು ಸಾಕುವುದರಲ್ಲೇ ಅವರ ಪ್ರಾಯ ಕಳೆಯಿತು. ಅದನ್ನು ಅವರು ತ್ಯಾಗವೆಂದು ಎಂದೂ ಆಡಿಕೊಂಡವರಲ್ಲ. 'ಮನಿಯಾಗ ಇಬ್ಬರ ಅದೀವಿ, ಒಬ್ಬರಿಗೊಬ್ಬರು ಬೇಕಲ್ಲ' ಎನ್ನುತ್ತಿದ್ದರು, ಅಷ್ಟೇ.

ಬಂದರಿನ ಊರಿನ ಯಂತ್ರದ ಮುಂದೆ ಕೂರುವವಳು ಮಿರೆಲಾ. ನೀಲಕ್ಕ ಅವಳ ಮುಖ ಕಂಡವರಲ್ಲ, ದನಿ ಕೇಳಿದವರಲ್ಲ. ಆದರೆ ಪಾಳಿ ಬದಲಾಗುವಾಗ ಇಬ್ಬರೂ ಸಂಘದ ಭಾಷೆಯಲ್ಲಿ ಎರಡು ಸಾಲು ಹೆಚ್ಚಿಗೆ ಬರೆದುಕೊಳ್ಳುತ್ತಿದ್ದರು. ಅಲ್ಲಿ ಮೀನು ಸಿಗುತ್ತಿಲ್ಲ, ಇಲ್ಲಿ ಮೆಣಸಿನಕಾಯಿಗೆ ರೋಗ. ಮಿರೆಲಾಳ ಮೊಣಕಾಲು ನೋವಿಗೆ ನೀಲಕ್ಕ ಎಳ್ಳೆಣ್ಣೆ ತಿಕ್ಕಲು ಹೇಳಿದ್ದರು. ಅಲ್ಲಿ ಎಳ್ಳೆಣ್ಣೆ ಸಿಗುವುದಿಲ್ಲವಂತೆ. ಆಲಿವ್ ಎಣ್ಣೆ ತಿಕ್ಕಿಕೊಂಡೆ, ನಿನ್ನ ಹೆಸರು ಹೇಳಿಕೊಂಡೇ ತಿಕ್ಕಿಕೊಂಡೆ, ಸ್ವಲ್ಪ ವಾಸಿ ಎಂದು ಬರೆದಿದ್ದಳು. ಆ ಸಾಲು ಓದಿ ನೀಲಕ್ಕ ನಕ್ಕದ್ದನ್ನು ನಾನು ನೋಡಿದ್ದೇನೆ. ಅವರು ನಗುವುದು ಅಪರೂಪ.

ಅಡಿವೆಪ್ಪ ಮೀರಾಸಾಬರ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ. ಅಗಲ ಭುಜ, ದೊಡ್ಡ ಕೈಗಳು, ಬಾಯಿ ಬಿಟ್ಟರೆ ಹಾಸ್ಯ. ದಾರಿಯಲ್ಲಿ ಹೋಗುವಾಗ 'ಯಾರದೀರಿ?' ಎಂದು ಕೂಗುತ್ತಿದ್ದ. 'ನಾನೋ ಅಡಿವೆಪ್ಪ, ಎಡಕ್ಕ ಸರಿ, ಎಮ್ಮಿ ಐತಿ' ಎಂದು ಯಾರಾದರೂ ಉತ್ತರ ಕೊಡುತ್ತಿದ್ದರು. ಹಾಗೆ ದನಿಗಳನ್ನು ಹಿಡಿದುಕೊಂಡು ಅವನು ಊರು ತಿರುಗುವವನು. ಲೈನು ತುಂಬಿದರೆ ನಮ್ಮಿಂದ ಮಾತು ಹೋಗುತ್ತಿತ್ತು, ಅವನಿಂದ ಊರೇ ಹೋಗುತ್ತಿತ್ತು. ಅದಕ್ಕೇ ನೀಲಕ್ಕ ಎಳೆತನದಲ್ಲೇ ಅವನಿಗೆ ಕಲಿಸಿದ್ದರು: ಭೋಂಗಾ ಆದರೆ ಇದ್ದಲ್ಲೇ ಕೂತುಬಿಡು, ಮತ್ತೆ ದನಿ ಬರುವವರೆಗೆ ಏಳಬೇಡ. ಅಂಗೈಯ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನೂ ಓದುವುದನ್ನೂ ಅವರೇ ಕಲಿಸಿದ್ದರು.

ಆ ಸಲ ನಕ್ಷತ್ರದವರ ಹೊರೆ ಬಂದಿತ್ತು. ಭೂಮಿಯ ಬೇರೆ ಬೇರೆ ಮೂಲೆಯ ದೊಡ್ಡ ದೊಡ್ಡ ದುರ್ಬೀನುಗಳೆಲ್ಲ ಒಂದೇ ನಕ್ಷತ್ರದ ಕಡೆಗೆ ಮುಖ ತಿರುಗಿಸಿದ್ದವು. ಅವು ಕಂಡದ್ದೆಲ್ಲ ನಮ್ಮ ಲೈನಿನಲ್ಲಿ ಹೋಗಬೇಕಿತ್ತು. ಹೊರೆ ದೊಡ್ಡದು, ಪಾಳಿಗಳೂ ಉದ್ದ. ನಮ್ಮ ಪಾಳಿ ಮುಗಿಯಬೇಕೆನ್ನುವಾಗ, ಇನ್ನಷ್ಟು ಹೊತ್ತು ತಡೆದುಕೊಳ್ಳಿ ಎಂದು ಸಂಘದಿಂದ ಸೂಚನೆ ಬಂತು. ಬೇಕರಿಯ ಹಿಂದಿನ ಕಟ್ಟೆಯ ಮೇಲೆ ಬೆಳಗಿನಿಂದ ಕೂತಿದ್ದ ಅಡಿವೆಪ್ಪನಿಗೆ ಬೇಸರ ಬಂದಿರಬೇಕು. ಮನೆಯ ಹಾದಿ ಅವನ ಕಾಲಿಗೆ ಗೊತ್ತಿದ್ದದ್ದೇ. ಕೋಲು ಹಿಡಿದು ಎದ್ದುಬಿಟ್ಟ.

ಪುರಸಭೆಯವರು ನೀರಿನ ಪೈಪಿಗೆಂದು ಆ ಹಾದಿಯಲ್ಲಿ ಅಗೆದಿದ್ದರು. ತೋಡಿಗೆ ಕೋಲು ತಗುಲಿ, ಅದನ್ನು ಬಳಸಿಕೊಂಡು ಹೋಗಲು ನೋಡಿದ. ಅಲ್ಲಿಗೆ ದಿಕ್ಕು ತಪ್ಪಿತು. ಹಳೆಯ ಕಲ್ಲುಖಣಿಯ ಕಡೆ ನಡೆದ. ಖಣಿಯಲ್ಲಿ ಎರಡು ದೊಡ್ಡ ಹೊಂಡಗಳಿವೆ, ಆಳಕ್ಕೆ ನೀರು ನಿಂತಿದೆ. ಎರಡರ ನಡುವೆ ಕಡಿಯದೆ ಬಿಟ್ಟ ಕಲ್ಲಿನ ಗೋಡೆ, ಮೇಲೆ ಒಂದಾಳು ನಡೆಯುವಷ್ಟು ಅಗಲ. ಅಡಿವೆಪ್ಪ ಆ ಗೋಡೆಯ ನಡುವಿನವರೆಗೆ ಬಂದು, ಕೋಲು ಗಾಳಿಯಲ್ಲಿ ಆಡಿದಾಗ ನಿಂತ.

ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಅವನನ್ನು ಕಂಡರು. ಅಡಿವೆಪ್ಪ ವೈನಿ, ಅತ್ತಿಗೆ, ಎಂದು ಕರೆಯುವ ಮೀರಾಸಾಬರ ಹೆಂಡತಿ ಖೈರುನ್ನಿಸಾ ಅಲ್ಲೇ ಇದ್ದಳು. ಯಾರ ಬಾಯಲ್ಲೂ ದನಿ ಇಲ್ಲ. ಗಾಬರಿಯಲ್ಲಿ ಒಬ್ಬಾಕೆ ಚಪ್ಪಾಳೆ ತಟ್ಟಿದಳು, ಇನ್ನೊಬ್ಬಾಕೆ ಬಕೀಟು ಬಡಿದಳು. ಯಾರೋ ತನ್ನನ್ನು ಕರೆಯುತ್ತಿದ್ದಾರೆಂದು ತಿಳಿದ ಅವನು ಆ ಸದ್ದಿನ ಕಡೆಗೆ, ಎಂದರೆ ನೇರ ಹೊಂಡದ ಕಡೆಗೆ, ಒಂದು ಕಾಲು ಎತ್ತಿದ. ಖೈರುನ್ನಿಸಾ ಓಡಿ ಹೋಗಿ ಬಕೀಟನ್ನು ಕಸಿದುಕೊಂಡಳು. ಸದ್ದು ನಿಂತಿತು. ಅವನೂ ಎತ್ತಿದ ಕಾಲನ್ನು ಮೊದಲಿದ್ದಲ್ಲಿಗೇ ಇಟ್ಟು ನಿಂತ. ಆದರೆ ಎಷ್ಟು ಹೊತ್ತು ನಿಂತಾನು? ಖಣಿಯ ಗುಡ್ಡ ಸುತ್ತಿ ಅವನು ಗೋಡೆ ಹತ್ತಿದ ತುದಿಗೆ ಹೋಗಲು ಹೊತ್ತು ಹಿಡಿಯುತ್ತಿತ್ತು. ಹೋದರೂ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಇಬ್ಬರೂ ಬೀಳುವಂಥ ಜಾಗ. ಸುದ್ದಿ ತಿಳಿದ ಮೀರಾಸಾಬರು ಮೊಪೆಡ್ ಹತ್ತಿ ನಮ್ಮ ದಿಬ್ಬಕ್ಕೆ ಬಂದರು.

ಅವರು ಬಾಗಿಲು ನೂಕಿಕೊಂಡು ಒಳಗೆ ಬಂದಾಗ ಬಾಯಿ ಅಗಲಕ್ಕೆ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ದನಿಯಿಲ್ಲದೆ ದಾರಿಯುದ್ದಕ್ಕೂ ಅವರು ಕೂಗುತ್ತಲೇ ಬಂದಿದ್ದರು. ಪಾಟಿ ಎತ್ತಿ ಹಿಡಿದರು. 'ಅಡಿವೆಪ್ಪ ಹಳೇ ಖಣಿ ಗೋಡಿ ಮ್ಯಾಲೆ. ಬಾಯಿ ಬಿಡಿಸ್ರಿ.'

ನೀಲಕ್ಕ ಅದನ್ನು ಓದಿದರು. ನನ್ನ ಕಡೆ ನೋಡಲಿಲ್ಲ. ಯಂತ್ರದ ಮುಂದೆ ಬಾಗಿ 'ಕೊಡಲೇ?' ಎಂದು ಟೈಪ್ ಮಾಡಿದರು. ಮತ್ತೊಮ್ಮೆ 'ಕೊಡಲೇ? ಕೊಡಲೇ?' ಎಂದು ಮಾಡಿದರು. ಪರದೆ ಖಾಲಿಯಾಗಿಯೇ ಇತ್ತು. ಪಾಳಿ ಬದಲಾಗುವ ಹೊತ್ತಲ್ಲ. ಮಿರೆಲಾ ಯಂತ್ರದ ಮುಂದೆ ಇರಬೇಕಾದ್ದೂ ಇಲ್ಲ, ಚಹಾಕ್ಕೋ ಮತ್ತೆಲ್ಲಿಗೋ ಹೋಗಿರಬೇಕು. ಮೀರಾಸಾಬರು ಗೋಡೆಗೆ ಕೈ ಬಡಿದರು. ನೀಲಕ್ಕ ಎದ್ದು ಎರಡೂ ಕೈಗಳಿಂದ ಹಿಡಿಕೆಯನ್ನು ಕೆಳಕ್ಕೆ ಎಳೆದರು.

'ಯಾ ಅಲ್ಲಾ!' ಎಂದು ಮೀರಾಸಾಬರ ದನಿ ಒಮ್ಮೆಲೇ ಕೋಣೆ ತುಂಬಿತು.

ಖಣಿಯ ದಂಡೆಯಲ್ಲಿ ಅಷ್ಟರಲ್ಲಿ ಜನ ಕೂಡಿದ್ದರು. ಖೈರುನ್ನಿಸಾ ಪಾಟಿಯ ಮೇಲೆ ದೊಡ್ಡದಾಗಿ ಬರೆದು ಎಲ್ಲರ ಮುಖಕ್ಕೂ ಹಿಡಿದಿದ್ದಳಂತೆ: 'ದನಿ ಬಂದರ ಯಾರೂ ಮಾತಾಡಬ್ಯಾಡ್ರಿ. ನಾ ಒಬ್ಬಾಕಿನ.' ದನಿ ಬಂದದ್ದು ಎಲ್ಲರಿಗೂ ತಿಳಿಯಿತು. ಗಂಟಲಲ್ಲಿ ಬಿಸಿ ನೀರು ಇಳಿದ ಹಾಗೆ ಆಗುತ್ತದೆ ಅದು. ಒಬ್ಬರೂ ತುಟಿ ಬಿಚ್ಚಲಿಲ್ಲ.

'ಅಡಿವೆಪ್ಪಾ, ನಾ ಖೈರು,' ಎಂದಳು ಅವಳು, ಹಿಟ್ಟಿನ ಚೀಲ ಎಲ್ಲಿದೆ ಎಂದು ಹೇಳುವಷ್ಟು ಸಾವಕಾಶವಾಗಿ. 'ಅಲ್ಲೇ ನಿಂದ್ರು. ಒಂದ ಹೆಜ್ಜಿನೂ ಇಡಬ್ಯಾಡ.'

'ವೈನಿ? ನಾ ಎಲ್ಲಿ ಅದೀನಿ?'

'ಆಮ್ಯಾಲೆ ಹೇಳ್ತೀನಿ. ಮದಲ ಕುಂಡ್ರು. ಇದ್ದಲ್ಲೇ ಕೆಳಗ ಕುಂಡ್ರು. ಹಾಂ. ಈಗ ಹಿಂದಕ ಸರಿ. ಕುಂತಗೊಂಡ ಸರಿ, ಕೂಸು ತೆವಳಿದಂಗ. ನೆಟ್ಟಗ ಹಿಂದಕ. ಬಲಕ್ಕ ವಾಲಬ್ಯಾಡೋ! ಹಾಂ, ಹಂಗ.'

ಹಾಗೆ ಅವಳು ಅವನನ್ನು ಗೋಡೆಯ ತುದಿಯವರೆಗೂ ಹಿಂದಕ್ಕೆ ಸರಿಸಿದಳು. ಗುಡ್ಡ ಸುತ್ತಿ ಓಡಿದ್ದವರು ಅಲ್ಲಿ ಅವನ ತೋಳು ಹಿಡಿದರು. ತಾನು ಎಲ್ಲಿದ್ದೆನೆಂದು ಆಗ ಹೇಳಿದಾಗ ಅವನು ಅಲ್ಲೇ ನೆಲಕ್ಕೆ ಎರಡೂ ಅಂಗೈ ಊರಿ ಕೂತುಬಿಟ್ಟನಂತೆ.

ಅವನು ಉಳಿದ ಸುದ್ದಿ ಬಂದೊಡನೆ ನೀಲಕ್ಕ ಭೋಂಗಾ ಊದಿಸಿದರು. 'ಹೊರೆ ವಾಪಸು ತೆಗೆದುಕೊಳ್ಳುತ್ತಿದ್ದೇನೆ' ಎಂದು ಮಿರೆಲಾಗೆ ಬರೆದು ಹಿಡಿಕೆಯನ್ನು ಮೇಲಕ್ಕೆ ಏರಿಸಿದರು. ಊರಿನ ಬಾಯಿ ಮತ್ತೆ ಕಟ್ಟಿತು. ಹೀಗಾಗಿ ಅಡಿವೆಪ್ಪನನ್ನು ಕರೆದುಕೊಂಡು ದಿಬ್ಬ ಹತ್ತಿ ಬಂದ ಜನ ಸಂತೋಷಪಟ್ಟದ್ದೆಲ್ಲ ಸದ್ದಿಲ್ಲದೆಯೇ. ಹಲ್ಲು ಕಾಣುವಂತೆ ನಗುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಮೀರಾಸಾಬರು ಬೇಕರಿಯಿಂದ ಸಿಹಿ ಬನ್ನು ತಂದು ಎಲ್ಲರ ಕೈಗೂ ಇಟ್ಟರು. ಅಡಿವೆಪ್ಪ ಅಕ್ಕನ ಮುಖವನ್ನೆಲ್ಲ ಬೆರಳಿನಿಂದ ತಡವಿದ. ನೀಲಕ್ಕ ಅವನ ಭುಜಕ್ಕೆ ತಲೆಯಿಟ್ಟು ನಿಂತಿದ್ದರು. ನಾನು ಬನ್ನು ಕಚ್ಚುತ್ತ ಪರದೆಯ ಕಡೆ ತಿರುಗಿದಾಗ ಮಿರೆಲಾಳ ಸಾಲುಗಳು ಒಂದೊಂದಾಗಿ ಬರುತ್ತಿದ್ದವು.

'ನಿಮ್ಮ ಕಡೆ ಏನು ಕೆಟ್ಟಿತು? ಸೈರನ್ ಊದಲು ಹೊತ್ತೇ ಸಿಗಲಿಲ್ಲ. ದಂಡೆಯ ಮೇಲೆ ದೊಡ್ಡ ದೋಣಿಯನ್ನು ಎಳೆದು ಹತ್ತಿಸುತ್ತಿದ್ದರು. ಮುಂದೆ ನಿಂತವನು ಕೂಗು ಹಾಕುತ್ತಾನೆ, ಆ ಕೂಗಿಗೆ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗುತ್ತಾರೆ. ನಡುವೆ ಕೂಗು ನಿಂತುಹೋಯಿತು. ಅರ್ಧ ಜನ ಜಗ್ಗಿದರು, ಅರ್ಧ ಜನ ಬಿಟ್ಟರು. ದೋಣಿ ಹಿಂದಕ್ಕೆ ಜಾರುವುದನ್ನು ಅವನು ಕಂಡ. ಬಾಯಿ ತೆರೆದ. ಸರಿಯಿರಿ ಎನ್ನಲು ದನಿ ಇರಲಿಲ್ಲ. ಹಿಂದಿನಿಂದ ದೋಣಿ ನೂಕುತ್ತಿದ್ದ ಇವೊ ಸತ್ತ. ಅವರಿಗೆ ಬುತ್ತಿ ತಂದು ದೋಣಿಯ ನೆರಳಲ್ಲಿ ನಿಂತಿದ್ದ ಜೆಲ್ಕಾ ಸತ್ತಳು. ನೀಲಾ, ನಿಮ್ಮ ಕಡೆ ಏನಾಯಿತು?'

ನಾನು ನೀಲಕ್ಕನ ಸೆರಗು ಜಗ್ಗಿದೆ. ಅವರು ಬಂದು ಓದಿದರು. ಅವರ ಹಿಂದೆ ಜನ ಇನ್ನೂ ಸದ್ದಿಲ್ಲದೆ ನಗುತ್ತಲೇ ಇದ್ದರು.

ಅಂದು ಅವರು ಉತ್ತರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಪಾಳಿ ಬದಲಾಯಿತು, ನಮಗೆ ದನಿ ಬಂತು. ಯಂತ್ರದ ಮುಂದೆ ಕೂತಿದ್ದ ನೀಲಕ್ಕನ ಕಣ್ಣು ಕೆಂಪಗಾಗಿತ್ತು.

'ಯಂತ್ರ ಕೆಟ್ಟಿತ್ತು ಅಂತ ಬರೀರಿ ಅಕ್ಕಾರ,' ಎಂದೆ ನಾನು. 'ಯಂತ್ರದ ಮ್ಯಾಲೆ ಯಾರೂ ಸಿಟ್ಟ ಹಿಡಿಯೂದಿಲ್ಲ. ಆಕಿಗೂ ಹಗುರ ಆಗತದ, ನಿಮಗೂ.'

'ಆಕಿಗೆ ಹಗುರ ಆಗತದಂತೀಯೇನು?'

'ಯಾರ ಮ್ಯಾಲೂ ತಪ್ಪ ಇಲ್ಲದಿದ್ದರ ದುಃಖ ಜಲ್ದಿ ಆರತದ.'

ನೀಲಕ್ಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. 'ಸಾವಂತ್ರಿ, ಇಷ್ಟ ವರ್ಷ ಆಕಿ ಮುಖಾ ನೋಡಿಲ್ಲ ನಾ. ಆಕಿ ಬರದದ್ದನ್ನ ನಂಬೀನಿ, ನಾ ಬರದದ್ದನ್ನ ಆಕಿ ನಂಬ್ಯಾಳ. ಅದೂ ಸುಳ್ಳಾದರ ನಮ್ಮಿಬ್ಬರ ನಡುವ ಬರೇ ವಾಯರ ಉಳೀತದ.' ಹಾಗೆಂದು ಇದ್ದದ್ದನ್ನು ಇದ್ದಂತೆ ಬರೆದರು. ತಮ್ಮ ಕುರುಡನೆಂದು, ಖಣಿಯ ಗೋಡೆಯ ಮೇಲೆ ನಿಂತಿದ್ದನೆಂದು, ಕೇಳಿದೆ, ಉತ್ತರಕ್ಕೆ ಕಾಯಲಿಲ್ಲ, ಯಂತ್ರ ಕೆಟ್ಟಿರಲಿಲ್ಲ, ನಾನೇ ಎಳೆದೆ ಎಂದು.

ಮಿರೆಲಾಳ ಉತ್ತರ ಬಂದದ್ದು ಇಳಿಹೊತ್ತಿಗೆ. 'ನನಗೂ ಒಬ್ಬ ತಮ್ಮನಿದ್ದಾನೆ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಗೊತ್ತಿಲ್ಲವೆಂದೇ ನಿನ್ನನ್ನು ಬೈಯಲಾರೆ. ಕ್ಷಮಿಸಿದೆ ಎಂದೂ ಹೇಳಲಾರೆ, ಅದನ್ನು ಹೇಳಬೇಕಾದವಳು ನಾನಲ್ಲ. ಜೆಲ್ಕಾಳ ತಾಯಿ ನಮ್ಮ ಬೀದಿಯವಳು. ನಾಳೆ ಇಬ್ಬರನ್ನೂ ಮಣ್ಣು ಮಾಡುತ್ತಾರೆ. ನಾಳೆ ಹೊರೆ ನಮ್ಮದು. ಆ ಮುದುಕಿಗೆ ಅಳುವುದಕ್ಕೂ ದನಿ ಇರುವುದಿಲ್ಲ.' ಅಷ್ಟೇ. ಏನನ್ನೂ ಕೇಳಿರಲಿಲ್ಲ.

ಅದೇ ಹೊತ್ತಿಗೆ ಸಂಘದ ಪತ್ರವೂ ಬಂತು. ದೂರ ದೂರದ ದೇಶಗಳ ದೊಡ್ಡವರು ಯಂತ್ರದ ಮೇಲೆಯೇ ಸಭೆ ಸೇರಿದ್ದರು. ಸಾವುಗಳಿಗೆ ವಿಷಾದ ಸೂಚಿಸಿದ್ದರು. ನಕ್ಷತ್ರದ ಅಳತೆಗೆ ಏನೂ ಧಕ್ಕೆಯಾಗಿಲ್ಲ, ಕಣ್ಣು ಮಿಟುಕಿಸುವಷ್ಟು ಹೊತ್ತಿನದು ತಪ್ಪಿದೆ, ಅದನ್ನೂ ಸರಿಪಡಿಸಬಹುದು ಎಂದು ತಿಳಿಸಿದ್ದರು. ಇನ್ನು ಮುಂದೆ ಯಾವ ಊರಿನಲ್ಲೂ ಮನುಷ್ಯರ ಕೈಯಲ್ಲಿ ಹಿಡಿಕೆ ಇರತಕ್ಕದ್ದಲ್ಲ, ಪಾಳಿಯನ್ನು ಯಂತ್ರವೇ ಬದಲಿಸುತ್ತದೆ, ಹಿಡಿಕೆ ಬಿಚ್ಚಲು ಆಳುಗಳು ಬರುತ್ತಾರೆ ಎಂದಿತ್ತು.

'ಇನ್ನ ಯಾರರೆ ಗೋಡಿ ಮ್ಯಾಲೆ ನಿಂತರ?' ಎಂದೆ ನಾನು.

'ನಿಂತೇ ಇರತಾರ,' ಎಂದರು ನೀಲಕ್ಕ. ಎದ್ದು ಚಪ್ಪಲಿ ಮೆಟ್ಟಿಕೊಂಡರು. 'ನಡೀ, ಊರವರನ್ನ ಕೂಡಸೋಣ. ನಾಳಿನ ಹೊರಿ ನಾವು ಹೊರಬೇಕು.'

'ಕೂಡಸೂದು ಯಾಕ? ಹಿಡಿಕಿ ಇನ್ನೂ ನಿಮ್ಮ ಕೈಯಾಗೇ ಐತಿ. ಮ್ಯಾಲೆ ಏರಸ್ರಿ, ಮುಗೀತು.'

'ಒಮ್ಮೆ ಕೇಳದ ಮಾಡೀನಿ,' ಎಂದರು. 'ಎರಡನೇ ಸಲ ಕೇಳದ ಮಾಡಂಗಿಲ್ಲ.'

ಶಾಲೆಯ ಪಡಸಾಲೆಯಲ್ಲಿ ಜನ ಸೇರಿದರು. ದನಿ ಇದ್ದ ದಿನವಾದ್ದರಿಂದ ಗದ್ದಲವೋ ಗದ್ದಲ. ಅಡಿವೆಪ್ಪ ಮೀರಾಸಾಬರ ಪಕ್ಕದಲ್ಲಿ ಕೂತು, ತಾನು ತೆವಳಿದ್ದನ್ನೇ ಹಾಸ್ಯ ಮಾಡಿ ಸುತ್ತಲಿನವರನ್ನು ನಗಿಸುತ್ತಿದ್ದ. ಬಂದರಿನ ಊರಿನ ಸಂಗತಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮಿಬ್ಬರ ಹೊರತು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀಲಕ್ಕ ನಿಂತು ಎಲ್ಲವನ್ನೂ ಹೇಳಿದರು. ದನಿ ಏರಿಸಲಿಲ್ಲ, ಅಳಲಿಲ್ಲ. ಕೊನೆಗೆ, 'ನಾಳೆ ಮಾತಿನ ದಿನಾ ನಮ್ಮದು. ಅದನ್ನ ಅವರಿಗೆ ಕೊಡೂಣು. ಅವರ ಹೆಣದ ಮುಂದ ಅವರು ಅಳಲಿ,' ಎಂದರು.

ಮೊದಲು ಎದ್ದವನು ಸಿದ್ರಾಮಪ್ಪ, ಸಿಮೆಂಟಿನ ಅಂಗಡಿಯವನು. ಮರುದಿನ ಅವನ ಮಗಳ ಮದುವೆ. ಮಾತಿನ ದಿನ ನೋಡಿಯೇ ಮುಹೂರ್ತ ಇಡಿಸಿದ್ದ.

'ಏನ ಮಾತಾಡತೀರಿ ನೀಲಕ್ಕಾರ? ಮಂತ್ರ ಇಲ್ಲದ ತಾಳಿ ಕಟ್ಟಸಲ್ಯಾ? ಹಾಡ ಇಲ್ಲ, ಮಾತಿಲ್ಲ, ಹೆಣಾ ಇಟಗೊಂಡ ಕುಂತವರಂಗ ನನ್ನ ಮಗಳ ಮದಿವಿ ಮಾಡಲ್ಯಾ? ಅವರ ಯಾರು, ನಾವ ಯಾರು? ಅವರ ಮುಖಾನ ನೋಡಿಲ್ಲ.'

'ಅವರೂ ಅಡಿವೆಪ್ಪನ ಮುಖಾ ನೋಡಿಲ್ಲ, ಸಿದ್ರಾಮಪ್ಪ.'

'ನೀವು ನಿಮ್ಮ ತಮ್ಮನ್ನ ಉಳಿಸಿಕೊಂಡ್ರಿ, ಬೇಶಾತು. ಅದರ ಬದಲಿ ಊರು ಯಾಕ ತೀರಸಬೇಕು?'

ಆ ಮಾತು ತಗುಲಿತು. ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಸಿದ್ರಾಮಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಹಲವರ ತಲೆಗಳು ಆಡಿದವು.

'ಅಕ್ಕಾ,' ಎಂದ ಅಡಿವೆಪ್ಪ.

ಅವನು ಎದ್ದು ನಿಂತಿದ್ದ. ನಗು ಮುಖದಿಂದ ಒರೆಸಿಹೋಗಿತ್ತು. ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ಅಕ್ಕನ ದನಿ ಬಂದ ಕಡೆಗೆ ಗದ್ದ ಎತ್ತಿದ್ದ.

'ಅಕ್ಕಾ, ಖೈರು ವೈನಿ ನನ್ನ ಕರದಳಲ್ಲ, ಆ ದನಿ ಅವರದಾ?'

ನೀಲಕ್ಕ ಜನರ ನಡುವೆ ಹಾದು ಅವನ ಹತ್ತಿರ ಬಂದರು.

'ಹೇಳು. ಅವರ ಬಾಯಾಗಿಂದ ತಗೊಂಡು ನನಗ ಕೊಟ್ಟಿಯಾ?'

'ಹೌದೋ ತಮ್ಮಾ.'

'ಸತ್ತವರ ಹೆಸರೇನು?'

'ಇವೊ ಅಂತ ಒಬ್ಬಾಂವ. ಜೆಲ್ಕಾ ಅಂತ ಒಬ್ಬಾಕಿ.'

'ಇವೊ. ಜೆಲಕಾ.' ಬಾಯಿಗೆ ಸಿಗದ ಹೆಸರನ್ನು ಅವನು ಮತ್ತೆ ಹೇಳಿಕೊಂಡ. 'ಜೆಲ್ಕಾ.' ಆಮೇಲೆ ಸಿದ್ರಾಮಪ್ಪನಿದ್ದ ಕಡೆ ತಿರುಗಿದ. 'ಕಾಕಾ, ಊರು ತೀರಸೂದು ಬ್ಯಾಡ. ಖರೇ ಮಾತ ಅಂದಿರಿ. ನಾ ಒಬ್ಬನ ತೀರಸಲಿಕ್ಕೆ ಬಂದಿದ್ದರ ತೀರಸತಿದ್ನಿ. ನಾ ಒಬ್ಬ ಬಾಯಿ ಮುಚ್ಚಿದರ ಲೈನಿಗೆ ಸಾಲೂದಿಲ್ಲಲ್ಲ, ಅದಕ್ಕ ಕೇಳತೀನಿ. ಕೇಳೂದ ಅಷ್ಟ.' ಅವನು ಕೈ ಮುಗಿದ. ಯಾರ ಎದುರಿಗೂ ಅಲ್ಲ, ಎರಡು ಕಿಟಕಿಗಳ ನಡುವಿನ ಗೋಡೆಗೆ ಮುಗಿದಿದ್ದ. ಅದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ.

ಖೈರುನ್ನಿಸಾ ಎದ್ದು, 'ನಮ್ಮ ಮನಿಯವರದು ಹೂಂ,' ಎಂದಳು. ಒಬ್ಬೊಬ್ಬರಾಗಿ ಹೂಂ ಅಂದರು. ಎಲ್ಲರೂ ಅನ್ನಲಿಲ್ಲ. ಕೆಲವರು ಎದ್ದು ಹೋದರು. ಲೈನಿನ ಹಿಡಿತ ದಾಟುವಷ್ಟು ದೂರದಲ್ಲಿರುವ ನೆಂಟರ ಊರಿಗೆ ಮರುದಿನ ಹೋಗಿ ಇರುತ್ತೇವೆಂದು ಕೆಲವರು ಹೇಳಿದರು. ಸಿದ್ರಾಮಪ್ಪ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಟೋಪಿ ಹಾಕಿಕೊಂಡು ಹೊರಗೆ ನಡೆದ. ಮದುವೆಯನ್ನು ಬೀಗರ ಊರಿಗೆ ಸಾಗಿಸಿದನೆಂದು ಆಮೇಲೆ ತಿಳಿಯಿತು. ಆ ಮನೆಯವರು ಇಂದಿಗೂ ನೀಲಕ್ಕನ ಜೊತೆ ಮಾತಾಡುವುದಿಲ್ಲ, ಮಾತಿನ ದಿನದಲ್ಲಿಯೂ.

ಮರುದಿನ ಬೆಳಗಾಗುತ್ತಲೇ ನೀಲಕ್ಕ ಯಂತ್ರದ ಮುಂದೆ ಕೂತರು. ಅಡಿವೆಪ್ಪನೂ ಬಂದಿದ್ದ. ಮೌನದ ದಿನ ಮನೆಯಲ್ಲಿರು ಎಂದರೂ ಕೇಳಿರಲಿಲ್ಲ. ಗೋಡೆಯ ಬದಿಯ ಬೆಂಚಿನ ಮೇಲೆ ಕೋಲನ್ನು ಕಾಲ ನಡುವೆ ಇಟ್ಟುಕೊಂಡು ಕೂತ. ನೀಲಕ್ಕ ಬರೆದರು: 'ಮಿರೆಲಾ, ಇವತ್ತಿನ ಹೊರೆ ನಮಗೆ ಕೊಡು. ಊರಿನವರನ್ನು ಕೇಳಿದ್ದೇನೆ. ನೀವು ಅತ್ತು ಮುಗಿಸುವವರೆಗೆ ನಾವು ಹೊರುತ್ತೇವೆ.'

ಉತ್ತರ ಬರಲು ತಡವಾಯಿತು. ಬಂದದ್ದು ಒಂದೇ ಮಾತು: 'ತೆಗೆದುಕೋ.'

ಭೋಂಗಾ ಊದಿತು. ಹಿಡಿಕೆ ಮೇಲೇರಿತು. ಕಿಟಕಿಯಿಂದ ಕೆಳಗೆ ಊರು ಕಾಣುತ್ತಿತ್ತು. ಅರ್ಧ ಬಾಗಿಲುಗಳು ಮುಚ್ಚಿದ್ದವು. ಉಳಿದವರು ನೀರು ಹೊತ್ತರು, ರೊಟ್ಟಿ ಬಡಿದರು, ಅಂಗಡಿ ತೆರೆದರು. ಪಾಟಿಯ ಮೇಲೂ ಯಾರೂ ಹೆಚ್ಚು ಬರೆಯುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಮಿರೆಲಾಳ ಸಾಲು ಬಂತು. 'ಹೊರಟರು. ನಮ್ಮ ಕಿಟಕಿಯ ಕೆಳಗೆ ಹೋಗುತ್ತಿದ್ದಾರೆ. ಜೆಲ್ಕಾಳ ತಾಯಿ ಮಗಳ ಹೆಸರು ಹಿಡಿದು ಕೂಗುತ್ತಿದ್ದಾಳೆ. ಇಡೀ ಬೀದಿ ಕೂಗುತ್ತಿದೆ. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿದೆ, ಮುಚ್ಚಿಕೊಳ್ಳುವುದಿಲ್ಲ.'

ನೀಲಕ್ಕ ಅದನ್ನು ಓದಿ, ಎದ್ದು ಹೋಗಿ ತಮ್ಮನ ಪಕ್ಕದಲ್ಲಿ ಕೂತರು. ಅವರ ಬಾಯಿ ತೆರೆಯಿತು. ಎದೆ ಎದ್ದು ಎದ್ದು ಬೀಳುತ್ತಿತ್ತು, ಕಣ್ಣಿನಿಂದ ನೀರು ಗದ್ದಕ್ಕೆ ಇಳಿಯುತ್ತಿತ್ತು. ಕೋಣೆಯಲ್ಲಿ ಯಂತ್ರದ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಪಕ್ಕದಲ್ಲೇ ಇದ್ದ ಅಡಿವೆಪ್ಪನಿಗೆ ಅಕ್ಕ ಅಳುತ್ತಿದ್ದಾಳೆಂದು ತಿಳಿಯಲಿಲ್ಲ. ಬೆಂಚು ನಡುಗಿದ್ದರಿಂದ ಅವನು ತಡಕಾಡಿ ಅವರ ಕೈ ಹಿಡಿದ. ಆಮೇಲೆ ಆ ಅಂಗೈಯನ್ನು ತೆರೆದು ಬೆರಳಿನಿಂದ ಒಂದೊಂದೇ ಅಕ್ಷರ ಬರೆದ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದುದರಿಂದ ಎದುರಿಗೆ ಕೂತಿದ್ದ ನನಗೂ ಓದಲಿಕ್ಕಾಯಿತು. ಮುಗೀತಾ?

ನೀಲಕ್ಕ ಅವನ ಅಂಗೈ ತಿರುಗಿಸಿ ಬರೆದರು. ಇನ್ನೂ ಇಲ್ಲ.

ಅವನು ತಲೆಯಾಡಿಸಿದ. ಕೋಲನ್ನು ಗೋಡೆಗೆ ಒರಗಿಸಿ, ಹೊತ್ತು ಬೇಕಾದಷ್ಟಿದೆ ಎನ್ನುವವನ ಹಾಗೆ ಕಾಲು ಚಾಚಿ ಕೂತ. ಅಕ್ಕನ ಕೈಯನ್ನು ಬಿಡದೆ ಮತ್ತೆ ಬರೆದ. ಇರಲಿ.